ಸಮಾನತೆಯ ಸಾಲು ಬರೆದವರ ಮನೆಯಲ್ಲೇ ಗುಲಾಮರಿದ್ದರು: ಹಾಗಾದರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಸುಳ್ಳೇ?

ಪ್ರಶ್ನೆ: ನಮ್ಮ ಊರು ದಾವಣಗೆರೆ. ಮದುವೆಯಾದ ಮೇಲೆ ನ್ಯೂಜೆರ್ಸಿಗೆ ಬಂದವರು ಇಲ್ಲೇ ಉಳಿದಿದ್ದೇವೆ. ಮಗ ಎಂಟನೇ ಕ್ಲಾಸು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಬಗ್ಗೆ ಪ್ರಬಂಧ ಬರೆಯಲು ಶಾಲೆಯಲ್ಲಿ ಹೇಳಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ: “ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಜೆಫರ್ಸನ್ ನೂರಾರು ಗುಲಾಮರನ್ನು ಇಟ್ಕೊಂಡಿದ್ರಂತೆ. ಹಾಗಿದ್ರೆ ಇದು ಸುಳ್ಳು ತಾನೇ, ಅಮ್ಮಾ?” ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಯಜಮಾನರು “ಅದೆಲ್ಲ ಚಹಾ ತೆರಿಗೆ ಉಳಿಸೋಕೆ ಮಾಡಿದ ಗಲಾಟೆ” ಎನ್ನುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆಯದೇ ಕಥೆ. 1776ರ ಜುಲೈ 4ರಂದು 56 ಜನ ಒಟ್ಟಿಗೆ ಸಹಿ ಹಾಕಿದರು, ಗಂಟೆ ಬಾರಿಸಿದರು, ಆಮೇಲೆ ಸಹಿ ಹಾಕಿದವರನ್ನು ಬ್ರಿಟಿಷರು ಹಿಡಿದು ಹಿಂಸೆ ಕೊಟ್ಟು ಕೊಂದರು ಅಂತ. ನಾನೂ ಪೌರತ್ವ ಪರೀಕ್ಷೆಗೆ ಓದುತ್ತಿದ್ದೇನೆ. ಈ ಘೋಷಣೆ ಕಾನೂನೇ? ಯಾವುದು ನಿಜ, ಯಾವುದು ಕಟ್ಟುಕಥೆ? ಇನ್ನೊಂದು ಹೆದರಿಕೆಯೂ ಇದೆ. ನಾವು ಹೊರಗಿನಿಂದ ಬಂದವರು. ಇವರು ಇಷ್ಟು ಗೌರವದಿಂದ ಕಾಣುವ ಪತ್ರವನ್ನು ನಮ್ಮ ಹುಡುಗ ಟೀಕಿಸಿ ಬರೆದರೆ ತಪ್ಪಾಗುತ್ತದೆಯೇ?

ಉತ್ತರ: ನಿಮ್ಮ ಹೆದರಿಕೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದು ಆಮೇಲೆ. ನಿಮ್ಮ ಮಗ ಕೇಳಿದ್ದು ಹೊರಗಿನವರು ಕೇಳುವ ಪ್ರಶ್ನೆಯೇ ಅಲ್ಲ. ಘೋಷಣೆ ಹೊರಬಿದ್ದ ವರ್ಷವೇ ಅಮೆರಿಕದ ಒಳಗಿನಿಂದ ಆ ಪ್ರಶ್ನೆ ಎದ್ದಿತ್ತು. ಲೆಮ್ಯುಯೆಲ್ ಹೇನ್ಸ್ ಎಂಬ ಯುವಕ ಅದನ್ನು ಕೇಳಿದರು. ತಂದೆ ಆಫ್ರಿಕಾ ಮೂಲದವರು, ತಾಯಿ ಬಿಳಿಯರು. ಇಪ್ಪತ್ತೊಂದು ವರ್ಷ ತುಂಬುವವರೆಗೆ ಬೇರೆಯವರ ಮನೆಯಲ್ಲಿ ಕರಾರಿನ ಆಳಾಗಿ ದುಡಿದು, ಆಮೇಲೆ ಬ್ರಿಟಿಷರ ವಿರುದ್ಧದ ಪಡೆ ಸೇರಿದವರು. 1776ರಲ್ಲೇ ಅವರು ಗುಲಾಮಗಿರಿಯ ವಿರುದ್ಧ ಒಂದು ಲೇಖನ ಬರೆದರು. ಅದರ ಆರಂಭದಲ್ಲೇ ಘೋಷಣೆಯ ಸಮಾನತೆಯ ಸಾಲನ್ನು ಎತ್ತಿಟ್ಟರು. ಘೋಷಣೆ ಹೇಳಿದ ಸ್ವಾತಂತ್ರ್ಯ ಕಪ್ಪು ಮನುಷ್ಯನಿಗೂ ಸೇರಿದ್ದು ಎಂಬುದು ಅವರ ವಾದ. ಆ ಹಸ್ತಪ್ರತಿ ಅಚ್ಚಾದದ್ದು 1983ರಲ್ಲಿ.

ಬ್ರಿಟಿಷ್ ಪರವಾಗಿದ್ದವರೂ ಇದನ್ನೇ ಹಿಡಿದರು. ಮ್ಯಾಸಚೂಸೆಟ್ಸ್‌ನ ಹಳೆಯ ಗವರ್ನರ್ ಥಾಮಸ್ ಹಚಿನ್ಸನ್ 1776ರಲ್ಲೇ ಲಂಡನ್‌ನಲ್ಲಿ ಒಂದು ಕಿರುಹೊತ್ತಿಗೆ ಹೊರತಂದರು. ವರ್ಜೀನಿಯಾ, ಮೇರಿಲ್ಯಾಂಡ್, ಕ್ಯಾರೊಲಿನಾದ ಪ್ರತಿನಿಧಿಗಳು ಒಂದು ಲಕ್ಷಕ್ಕೂ ಜಾಸ್ತಿ ಆಫ್ರಿಕನ್ನರ ಹಕ್ಕನ್ನು ಕಸಿದುಕೊಂಡೇ ಈ ಮಾತನ್ನು ಹೇಗೆ ಆಡುತ್ತಾರೆ ಎಂದು ಅದರಲ್ಲಿ ಕೇಳಿದ್ದಾರೆ. ಹೀಗೆ ನಿಮ್ಮ ಹುಡುಗ 250 ವರ್ಷಗಳಿಂದ ನಡೆಯುತ್ತಿರುವ ಚರ್ಚೆಗೆ ಸೇರಿಕೊಂಡಿದ್ದಾನೆ ಅಷ್ಟೇ. ಧೈರ್ಯವಾಗಿ ಬರೆಯಲಿ.

ಈಗ ವಾಟ್ಸ್‌ಆ್ಯಪ್ ಕಥೆ. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ.

ಹದಿಮೂರು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದ್ದರು. ಆ ಸಭೆಗೆ ಕಾಂಟಿನೆಂಟಲ್ ಕಾಂಗ್ರೆಸ್ ಎಂದು ಹೆಸರು. ಬ್ರಿಟನ್‌ನಿಂದ ಬೇರೆಯಾಗಬೇಕು ಎಂಬ ಠರಾವನ್ನು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಜೂನ್ 7ರಂದು ಮಂಡಿಸಿದರು. ಜುಲೈ 1ರಂದು ಅಭಿಪ್ರಾಯ ಕೇಳಿದಾಗ ಪೆನ್ಸಿಲ್ವೇನಿಯಾ, ದಕ್ಷಿಣ ಕ್ಯಾರೊಲಿನಾ ಬೇಡ ಎಂದವು. ನ್ಯೂಯಾರ್ಕ್‌ನವರು ನಮಗೆ ಅಪ್ಪಣೆ ಬಂದಿಲ್ಲ ಎಂದು ಸುಮ್ಮನಾದರು. ಡೆಲವೇರ್‌ನ ಇಬ್ಬರಲ್ಲಿ ಒಬ್ಬರು ಹೌದು, ಇನ್ನೊಬ್ಬರು ಇಲ್ಲ. ಅಲ್ಲಿನ ಮೂರನೇ ಪ್ರತಿನಿಧಿ ಸೀಸರ್ ರಾಡ್ನಿ ಊರಲ್ಲಿದ್ದರು. ಸುದ್ದಿ ಮುಟ್ಟಿದ್ದೇ ತಡ, ಗುಡುಗು ಮಳೆಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಮತ ಹಾಕಿದರು. ಪೆನ್ಸಿಲ್ವೇನಿಯಾದ ಇಬ್ಬರು ವಿರೋಧಿಗಳು ಮತದಾನದ ಹೊತ್ತಿಗೆ ತಾವಾಗಿಯೇ ಹೊರಗುಳಿದರು. ದಕ್ಷಿಣ ಕ್ಯಾರೊಲಿನಾವೂ ಒಪ್ಪಿತು. ಹೀಗೆ ಜುಲೈ 2ರಂದು ವಸಾಹತಿಗೊಂದರಂತೆ ಹನ್ನೆರಡು ಮತಗಳಿಂದ ಠರಾವು ಪಾಸಾಯಿತು. ಕಾನೂನಿನ ಲೆಕ್ಕದಲ್ಲಿ ಬೇರೆಯಾದ ದಿನ ಅದೇ. ಮುಂದಿನ ಪೀಳಿಗೆಗಳು ಜುಲೈ 2ನ್ನು ಹಬ್ಬವಾಗಿ ಆಚರಿಸುತ್ತವೆ ಎಂದು ಮ್ಯಾಸಚೂಸೆಟ್ಸ್‌ನ ಪ್ರತಿನಿಧಿ ಜಾನ್ ಆಡಮ್ಸ್ ಹೆಂಡತಿಗೆ ಕಾಗದ ಬರೆದರು.

ಬೇರೆಯಾದದ್ದು ಏಕೆ ಎಂದು ವಿವರಿಸುವ ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿದ್ದು ಜುಲೈ 4ರಂದು. ಆ ರಾತ್ರಿ ಜಾನ್ ಡನ್‌ಲ್ಯಾಪ್ ಎಂಬವರ ಅಚ್ಚುಕೂಟದಲ್ಲಿ ಅದನ್ನು ಒಂದೇ ಹಾಳೆಯಲ್ಲಿ ಮುದ್ರಿಸಿದರು. ಸುಮಾರು 200 ಪ್ರತಿ ಇರಬಹುದು. ಇಂದು ಉಳಿದಿರುವುದು ಗೊತ್ತಿರುವ ಮಟ್ಟಿಗೆ 26. ಅದರಲ್ಲಿ ಅಚ್ಚಾದ ಹೆಸರು ಕಾಂಗ್ರೆಸ್‌ನ ಅಧ್ಯಕ್ಷ ಜಾನ್ ಹ್ಯಾನ್ಕಾಕ್ ಮತ್ತು ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಇಬ್ಬರದು ಮಾತ್ರ. ಕುದುರೆ ಸವಾರರು ಊರೂರಿಗೆ ಒಯ್ದದ್ದು ಈ ಹಾಳೆ. ಜುಲೈ 9ರಂದು ನ್ಯೂಯಾರ್ಕ್‌ನಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ ತಮ್ಮ ಸೈನಿಕರಿಗೆ ಇದನ್ನು ಓದಿಸಿದರು. ಅವತ್ತೇ ಜನ ದೊರೆ ಮೂರನೇ ಜಾರ್ಜ್‌ನ ಸೀಸದ ವಿಗ್ರಹಕ್ಕೆ ಹಗ್ಗ ಬಿಗಿದು ಕೆಡವಿದರು. ಆ ಸೀಸ ಕರಗಿಸಿ ಬಂದೂಕಿನ ಗುಂಡು ಎರಕ ಹೊಯ್ದರು.

ಈಗ ವಾಷಿಂಗ್ಟನ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಚರ್ಮದ ಪ್ರತಿ, ಕೆಳಗೆ ಸಹಿಗಳ ಸಾಲು ಇರುವುದು, ಆಮೇಲೆ ಬರೆಸಿದ್ದು. ನ್ಯೂಯಾರ್ಕ್ ಕೂಡ ಒಪ್ಪಿದ ಮೇಲೆ ಜುಲೈ 19ರಂದು ಅದನ್ನು ಬರೆಸಲು ತೀರ್ಮಾನವಾಯಿತು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. ಕೆಲವರು ಇನ್ನೂ ತಡವಾಗಿ ಹಾಕಿದರು. ನ್ಯೂಹ್ಯಾಂಪ್‌ಶೈರ್‌ನ ಮ್ಯಾಥ್ಯೂ ಥಾರ್ನ್‌ಟನ್ ಜುಲೈನಲ್ಲಿ ಸಭೆಯ ಸದಸ್ಯರೇ ಆಗಿರಲಿಲ್ಲ, ನವೆಂಬರ್‌ನಲ್ಲಿ ಬಂದು ಸಹಿ ಮಾಡಿದರು. ವಾಷಿಂಗ್ಟನ್ ಅವರ ಸಹಿ ಇಲ್ಲ, ಅವರು ಸೈನ್ಯದ ಜೊತೆಗಿದ್ದರು. ಜುಲೈ 4ರಂದು ಗಂಟೆ ಬಾರಿಸಿದ ಪ್ರಸಂಗ 1840ರ ದಶಕದಲ್ಲಿ ಒಬ್ಬ ಕಥೆಗಾರರು ಹೆಣೆದದ್ದು. ಜುಲೈ 8ರಂದು ಮೈದಾನದಲ್ಲಿ ಜೋರಾಗಿ ಓದಿದಾಗ ಊರಿನ ಗಂಟೆಗಳು ಬಾರಿಸಿದ್ದು ನಿಜ. ನಿಮ್ಮ ಪರೀಕ್ಷೆಯಲ್ಲಿ ‘ಘೋಷಣೆ ಅಂಗೀಕಾರವಾದದ್ದು ಯಾವಾಗ’ ಎಂದು ಕೇಳಿದರೆ 1776ರ ಜುಲೈ 4 ಎಂದೇ ಹೇಳಿ. ಅದು ಸರಿಯಾದ ಉತ್ತರ. ಬರೆದವರು ಯಾರು ಎಂದರೆ ಥಾಮಸ್ ಜೆಫರ್ಸನ್.

ಸಹಿ ಹಾಕಿದವರನ್ನು ಕೊಂದರು ಎಂಬುದು ತಪ್ಪು. ಕೆಲವರು ಸೆರೆಸಿಕ್ಕರು, ಕೆಲವರ ಮನೆ ಲೂಟಿಯಾಯಿತು. 1780ರಲ್ಲಿ ಚಾರ್ಲ್ಸ್‌ಟನ್ ಬಿದ್ದಾಗ ದಕ್ಷಿಣ ಕ್ಯಾರೊಲಿನಾದ ಮೂವರು ಹೀಗೆ ಸಿಕ್ಕರು; ಅವರನ್ನು ಯುದ್ಧಕೈದಿಗಳಂತೆ ಇಟ್ಟು ಆಮೇಲೆ ಬಿಟ್ಟರು. ಜಾಸ್ತಿ ನೋವು ಅನುಭವಿಸಿದವರಲ್ಲಿ ನಿಮ್ಮ ರಾಜ್ಯದವರೇ ಒಬ್ಬರು, ಪ್ರಿನ್ಸ್‌ಟನ್‌ನ ರಿಚರ್ಡ್ ಸ್ಟಾಕ್‌ಟನ್. 1776ರ ಕೊನೆಯಲ್ಲಿ ಸಿಕ್ಕಿಬಿದ್ದು ಜೈಲಿನಲ್ಲಿ ನರಳಿದರು. ಅವರ ಮನೆ ಮಾರ್ವೆನ್ ಈಗ ವಸ್ತುಸಂಗ್ರಹಾಲಯ. ಒಂದು ಭಾನುವಾರ ಮಗನನ್ನು ಕರೆದುಕೊಂಡು ಹೋಗಿ.

ನಿಮ್ಮ ಯಜಮಾನರ ಮಾತಿಗೆ ಬರೋಣ. ದುಡ್ಡಿನ ಜಗಳ ಇತ್ತು, ಇಲ್ಲ ಎನ್ನಲಾಗದು. 1763ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಿಂದ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಅಮೆರಿಕದಲ್ಲಿ ಸೈನ್ಯ ಇಡುವ ಖರ್ಚನ್ನು ಅಲ್ಲಿನವರೇ ಕೊಡಲಿ ಎಂದು 1765ರಲ್ಲಿ ಸ್ಟ್ಯಾಂಪ್ ತೆರಿಗೆ ಹಾಕಿದರು. ಪ್ರತಿಭಟನೆ ಜೋರಾಯಿತು, ಮರುವರ್ಷ ತೆಗೆದರು. 1767ರಲ್ಲಿ ಗಾಜು, ಕಾಗದ, ಬಣ್ಣ, ಚಹಾದ ಮೇಲೆ ಮತ್ತೆ ಸುಂಕ ಹಾಕಿದರು. ಕೊನೆಗೆ ಚಹಾ ಸುಂಕವೊಂದೇ ಉಳಿಯಿತು. 1773ರ ಕಾಯ್ದೆಯಿಂದ ಚಹಾ ದುಬಾರಿಯಾಯಿತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಆಗಿದ್ದು ಉಲ್ಟಾ, ಅದು ಅಗ್ಗವಾಯಿತು. ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಗೋದಾಮಿನಲ್ಲಿ ಚೀನಾದ ಚಹಾ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸಲು ನೇರವಾಗಿ ಅಮೆರಿಕದಲ್ಲಿ ಮಾರಲು ಬಿಟ್ಟರು, ಸುಂಕ ಮಾತ್ರ ಹಾಗೇ ಇಟ್ಟರು. ಅಗ್ಗದ ಚಹಾ ಕುಡಿದರೆ ಪಾರ್ಲಿಮೆಂಟಿಗೆ ತೆರಿಗೆ ಹಾಕುವ ಅಧಿಕಾರ ಇದೆ ಎಂದು ಒಪ್ಪಿಕೊಂಡಂತೆ. ಬಾಸ್ಟನ್‌ನಲ್ಲಿ ಪ್ರತಿಭಟನೆಗೆ ಇಳಿದವರು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಎಸೆದದ್ದು ಈ ಕಾರಣಕ್ಕೆ.

ಆದರೆ ಘೋಷಣೆಯನ್ನು ತೆಗೆದು ಓದಿ ನೋಡಿ. ಚಹಾ ಎಂಬ ಪದವೇ ಅದರಲ್ಲಿ ಇಲ್ಲ. ದೊರೆಯ ಮೇಲೆ 27 ಆರೋಪಗಳಿವೆ. ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ ಎಂಬುದು ಬರುವುದು 17ನೆಯದಾಗಿ. ಅದಕ್ಕೂ ಮುಂಚೆ ಏನಿದೆ? ನಾವು ಮಾಡಿದ ಕಾನೂನುಗಳಿಗೆ ಅಂಕಿತ ಹಾಕಲಿಲ್ಲ. ನಮ್ಮ ಶಾಸನಸಭೆಗಳನ್ನು ಮತ್ತೆ ಮತ್ತೆ ವಿಸರ್ಜಿಸಿದ. ನ್ಯಾಯಾಧೀಶರ ಕೆಲಸ, ಸಂಬಳ ಎರಡನ್ನೂ ತನ್ನ ಮರ್ಜಿಗೆ ಬಿಟ್ಟುಕೊಂಡ. ಶಾಂತಿಯ ಕಾಲದಲ್ಲೂ ನಮ್ಮ ನಡುವೆ ಸೈನ್ಯ ಇಟ್ಟ. ನಮ್ಮನ್ನು ಕೇಳದೆ ನಮ್ಮನ್ನು ಆಳುತ್ತಿದ್ದಾರೆ ಎಂಬುದೇ ಮುಖ್ಯ ದೂರು, ತೆರಿಗೆ ಅದರ ಒಂದು ಉದಾಹರಣೆ. ಇತಿಹಾಸ ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ಈ 27 ಆರೋಪಗಳನ್ನೇ ಮೊದಲು ಓದಿಸುತ್ತೇನೆ. ಎಲ್ಲರೂ ಸಮಾನತೆಯ ಸಾಲನ್ನು ಬಾಯಿಪಾಠ ಹೇಳುತ್ತಾರೆ, ಆರೋಪಗಳ ಪಟ್ಟಿ ಬಂದಾಗ ಪುಟ ಮಗುಚುತ್ತಾರೆ. 1776ರಲ್ಲಿ ಬರೆದವರ ಮಟ್ಟಿಗೆ ಜೀವಾಳ ಇದ್ದದ್ದು ಆ ಪಟ್ಟಿಯಲ್ಲೇ.

ಈ ಘೋಷಣೆಯ ರಚನೆ ಕೋರ್ಟಿಗೆ ಹಾಕುವ ದಾವೆಯ ಹಾಗೆ ಇದೆ. ಮೊದಲು ಯಾವ ತತ್ವದ ಮೇಲೆ ಕೇಳುತ್ತಿದ್ದೇವೆ ಎನ್ನುವುದು. ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ, ಬದುಕು, ಸ್ವಾತಂತ್ರ್ಯ, ಸುಖವನ್ನು ಅರಸುವುದು ಅವರ ಹಕ್ಕು. ಆ ಹಕ್ಕು ಕಾಯಲು ಸರ್ಕಾರ ಇರುವುದು, ಕಾಯದಿದ್ದರೆ ಬದಲಿಸುವ ಹಕ್ಕು ಜನರಿಗಿದೆ. ಆಮೇಲೆ ನಡೆದದ್ದರ ಪಟ್ಟಿ. ಕೊನೆಗೆ ಬೇಡಿಕೆಯ ಜಾಗದಲ್ಲಿ ತೀರ್ಮಾನ: ನಾವಿನ್ನು ಸ್ವತಂತ್ರ ರಾಜ್ಯಗಳು, ಯುದ್ಧ, ಸಂಧಿ, ವ್ಯಾಪಾರ ಎಲ್ಲವನ್ನೂ ನಾವೇ ಮಾಡುತ್ತೇವೆ. ಇದನ್ನು ಕೇಳಬೇಕಾದ ನ್ಯಾಯಪೀಠ ಮಾತ್ರ ಲಂಡನ್ ಅಲ್ಲ. ‘ಜಗತ್ತಿನ ಮುಂದೆ ಸಂಗತಿಗಳನ್ನು ಇಡುತ್ತೇವೆ’ ಎಂದು ಅವರೇ ಬರೆದಿದ್ದಾರೆ.

ಜಗತ್ತು ಎಂದರೆ ಮುಖ್ಯವಾಗಿ ಫ್ರಾನ್ಸ್. ಲೀ ಅವರ ಠರಾವಿನಲ್ಲಿ ಬೇರೆಯಾಗುವ ಮಾತಿನ ಜೊತೆಗೇ ವಿದೇಶಿ ಮೈತ್ರಿ ಮಾಡಿಕೊಳ್ಳುವ ಮಾತೂ ಇತ್ತು. ಬಂಡೆದ್ದ ಪ್ರಜೆಗಳ ಜೊತೆ ಯಾವ ದೊರೆಯೂ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಇನ್ನೊಂದು ದೇಶದ ಜೊತೆ ಮಾಡಿಕೊಳ್ಳಬಹುದು. 1777ರಲ್ಲಿ ಸಾರಾಟೋಗಾದಲ್ಲಿ ಬ್ರಿಟಿಷ್ ಸೈನ್ಯವೊಂದು ಶರಣಾದ ಮೇಲೆ, 1778ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಲಿಂದ ಈ ಜಗಳ ನಮ್ಮ ಮನೆ ಬಾಗಿಲಿಗೂ ಬಂತು. ಫ್ರೆಂಚರ ಜೊತೆ ಯುದ್ಧ ಎಂದ ಮೇಲೆ ಬ್ರಿಟಿಷರು 1779ರಲ್ಲಿ ಮಲಬಾರ್ ತೀರದ ಫ್ರೆಂಚ್ ಬಂದರು ಮಾಹೆಯನ್ನು ಹಿಡಿದರು. ಮೈಸೂರಿಗೆ ಮದ್ದುಗುಂಡು ಬರುತ್ತಿದ್ದ ದಾರಿ ಅದು. ಹೈದರಾಲಿ ಸಿಟ್ಟಾದರು, 1780ರಲ್ಲಿ ಈಗಿನ ತಮಿಳುನಾಡಿನ ಕಡೆಯ ಕರ್ನಾಟಿಕ್ ಸೀಮೆಗೆ ನುಗ್ಗಿದರು. ಅವರ ಹೆಸರು ಅಮೆರಿಕಕ್ಕೂ ಮುಟ್ಟಿತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ, ನಿಮ್ಮ ನ್ಯೂಜೆರ್ಸಿಯ ಕೇಪ್ ಮೇ ಹತ್ತಿರ, ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೋಲಿಸಿ ಹಿಡಿಯಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಸೋತ ಕಾರ್ನ್‌ವಾಲಿಸ್ ಹತ್ತು ವರ್ಷದ ಮೇಲೆ ಬೆಂಗಳೂರು ಕೋಟೆ ಹಿಡಿದವರು. ಇದನ್ನು ನಿಮ್ಮ ಹುಡುಗನಿಗೆ ಹೇಳಿ, ಖುಷಿಪಡುತ್ತಾನೆ.

ಇನ್ನು ಬರೆದವರ ವಿಷಯ. ಕಾಂಗ್ರೆಸ್ ಐದು ಜನರ ಸಮಿತಿ ಮಾಡಿತ್ತು: ಜೆಫರ್ಸನ್, ಜಾನ್ ಆಡಮ್ಸ್, ಬೆಂಜಮಿನ್ ಫ್ರಾಂಕ್ಲಿನ್, ರೋಜರ್ ಶರ್ಮನ್, ರಾಬರ್ಟ್ ಲಿವಿಂಗ್‌ಸ್ಟನ್. ಕರಡು ಬರೆಯುವ ಕೆಲಸ 33 ವರ್ಷದ ಜೆಫರ್ಸನ್‌ಗೆ ಬಿತ್ತು. ಅವರು ಇದನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ವರ್ಜೀನಿಯಾಕ್ಕಾಗಿ ಜಾರ್ಜ್ ಮೇಸನ್ ಬರೆದ ಹಕ್ಕುಗಳ ಘೋಷಣೆ ಆಗಷ್ಟೇ ಪತ್ರಿಕೆಯಲ್ಲಿ ಬಂದಿತ್ತು; ಮನುಷ್ಯರು ಸಹಜವಾಗಿ ಸಮಾನ ಸ್ವತಂತ್ರರು ಎಂಬ ಮಾತು ಅಲ್ಲಿದೆ. ದೊರೆಯ ಮೇಲಿನ ಆರೋಪಗಳನ್ನು ಜೆಫರ್ಸನ್ ಮೊದಲೇ ಇನ್ನೊಂದು ಕರಡಿನಲ್ಲಿ ಪಟ್ಟಿ ಮಾಡಿದ್ದರು. ಒಪ್ಪಿಗೆಯ ಸರ್ಕಾರ ಎಂಬ ವಿಚಾರ ಇಂಗ್ಲೆಂಡಿನ ಜಾನ್ ಲಾಕ್ ಅವರದು. 1776ರ ಜನವರಿಯಲ್ಲಿ ಥಾಮಸ್ ಪೇನ್ ಅವರ ‘ಕಾಮನ್ ಸೆನ್ಸ್’ ದೊರೆತನವೇ ಬೇಡ ಎಂದು ಸಾಮಾನ್ಯರ ಭಾಷೆಯಲ್ಲಿ ಹೇಳಿ ಜನರ ಮನಸ್ಸು ತಿರುಗಿಸಿತ್ತು. ಆ ವಸಂತದಲ್ಲಿ ಊರು, ಜಿಲ್ಲೆ, ವಸಾಹತುಗಳ ಮಟ್ಟದಲ್ಲಿ ಸ್ವಾತಂತ್ರ್ಯ ಬೇಕೆಂದು 90ರಷ್ಟು ಠರಾವುಗಳು ಆಗಿದ್ದವು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಘೋಷಣೆಯನ್ನು ಒಬ್ಬ ಮೇಧಾವಿಯ ಕೃತಿ ಎಂದು ಮಾತ್ರ ನೋಡಿದರೆ ಆ ರೈತರು, ಕಮ್ಮಾರರು, ಪಂಚಾಯ್ತಿ ಸಭೆಗಳು ಎಲ್ಲ ಮಾಯವಾಗುತ್ತಾರೆ. ಜೆಫರ್ಸನ್ ಅವರೇ 1825ರ ಒಂದು ಕಾಗದದಲ್ಲಿ, ಹೊಸ ತತ್ವ ಹುಡುಕುವುದು ಉದ್ದೇಶವಾಗಿರಲಿಲ್ಲ, ಅಮೆರಿಕನ್ನರ ಮನಸ್ಸಿನಲ್ಲಿದ್ದದ್ದನ್ನು ಹೇಳುವುದಾಗಿತ್ತು ಎಂದಿದ್ದಾರೆ.

ಈಗ ನಿಮ್ಮ ಮಗನ ಪ್ರಶ್ನೆಯ ನಡುಮನೆಗೇ ಬಂದೆವು. ಫಿಲಡೆಲ್ಫಿಯಾದಲ್ಲಿ ಜೆಫರ್ಸನ್ ಬಾಡಿಗೆಗೆ ಇದ್ದದ್ದು ಒಬ್ಬ ಇಟ್ಟಿಗೆ ಕೆಲಸದವರ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ. ಅವರ ಸೇವೆಗೆ ಇದ್ದ ಹುಡುಗ ರಾಬರ್ಟ್ ಹೆಮಿಂಗ್ಸ್. ವಯಸ್ಸು 14, ಹೆಚ್ಚುಕಮ್ಮಿ ನಿಮ್ಮ ಮಗನದೇ. ಗುಲಾಮ. ಸಾಲದ್ದಕ್ಕೆ ಜೆಫರ್ಸನ್ ಅವರ ಹೆಂಡತಿಗೆ ಮಲತಮ್ಮ, ಅವರ ಮಾವ ಗುಲಾಮ ಹೆಂಗಸಿನಲ್ಲಿ ಪಡೆದ ಮಗ. ಎಲ್ಲರೂ ಸಮಾನರು ಎಂಬ ಸಾಲನ್ನು ಜೆಫರ್ಸನ್ ಬರೆದ ಬೇಸಿಗೆಯಲ್ಲಿ ಅವರ ಬಟ್ಟೆಬರೆ ನೋಡಿಕೊಂಡ ಆ ಹುಡುಗನಿಗೆ ಬಿಡುಗಡೆ ಸಿಕ್ಕಿದ್ದು 1794ರಲ್ಲಿ. ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಜಾಸ್ತಿ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಬದುಕಿದ್ದಾಗ ಕಾನೂನುಬದ್ಧವಾಗಿ ಬಿಡುಗಡೆ ಕೊಟ್ಟದ್ದು ಇಬ್ಬರಿಗೆ, ಉಯಿಲಿನಲ್ಲಿ ಐವರಿಗೆ. ಅವರು ತೀರಿಕೊಂಡ ಮೇಲೆ 1827ರಲ್ಲಿ ಅವರ ತೋಟದಮನೆಯಲ್ಲಿ ಸಾಲ ತೀರಿಸಲು 130 ಜನರನ್ನು ಹರಾಜಿಗೆ ನಿಲ್ಲಿಸಿದರು.

ಇಷ್ಟಾದರೂ ಅವರ ಮೂಲ ಕರಡಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಒಂದು ಉದ್ದ ಪ್ಯಾರಾ ಇತ್ತು. ಮನುಷ್ಯರನ್ನು ಕೊಂಡು ಮಾರುವ ಸಂತೆಯನ್ನು ದೊರೆ ತೆರೆದಿಟ್ಟಿದ್ದಾನೆ ಎಂಬ ಆರೋಪ. ಅಲ್ಲಿ ‘ಮನುಷ್ಯರು’ ಎಂಬ ಪದವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಹಾಗಾಗಿ ‘ಅವರಿಗೆ ಕಪ್ಪು ಜನ ಮನುಷ್ಯರೇ ಅಲ್ಲ ಅನಿಸಿತ್ತು, ಪಾಪ ಗೊತ್ತಿರಲಿಲ್ಲ’ ಎನ್ನುವ ಸಮಾಧಾನ ನಿಲ್ಲುವುದಿಲ್ಲ. ಗೊತ್ತಿತ್ತು. ಅದೇ ಪ್ಯಾರಾದಲ್ಲಿ ಇನ್ನೊಂದು ಆರೋಪವೂ ಇದೆ: ಅದೇ ಗುಲಾಮರನ್ನು ದೊರೆ ನಮ್ಮ ಮೇಲೆ ಎತ್ತಿಕಟ್ಟುತ್ತಿದ್ದಾನೆ ಎಂದು. 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡುಕೋರ ಒಡೆಯರನ್ನು ಬಿಟ್ಟು ನಮ್ಮ ಕಡೆ ಬರುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದ್ದರು. ಅದರ ಭಯ ಇದು.

ಕಾಂಗ್ರೆಸ್ ಆ ಪ್ಯಾರಾವನ್ನು ಪೂರ್ತಿ ತೆಗೆಯಿತು. ದಕ್ಷಿಣ ಕ್ಯಾರೊಲಿನಾ ಮತ್ತು ಜಾರ್ಜಿಯಾ ಒಪ್ಪಲಿಲ್ಲ, ಗುಲಾಮರನ್ನು ಸಾಗಿಸಿ ದುಡ್ಡು ಮಾಡುತ್ತಿದ್ದ ಉತ್ತರದವರಿಗೂ ಮುಜುಗರವಾಯಿತು ಎಂದು ಜೆಫರ್ಸನ್ ಆಮೇಲೆ ಬರೆದರು. ಕೊನೆಗೆ ಪಠ್ಯದಲ್ಲಿ ಉಳಿದದ್ದು 27ನೇ ಆರೋಪದಲ್ಲಿ ‘ನಮ್ಮೊಳಗೆ ದಂಗೆ ಎಬ್ಬಿಸಿದ’ ಎಂಬ ಅರ್ಧ ವಾಕ್ಯ. ಅದೇ ಆರೋಪದ ಉಳಿದರ್ಧ ಅಲ್ಲಿನ ಮೂಲನಿವಾಸಿಗಳನ್ನು ಕರುಣೆಯಿಲ್ಲದ ಕಾಡುಜನ ಎಂದು ಬೈಯುತ್ತದೆ. ಪ್ರಬಂಧ ಬರೆಯುವ ಹುಡುಗ ಈ ಸಾಲನ್ನು ಬಿಡಬಾರದು. ಸಮಾನತೆಯ ಸಾಲೂ ಇದೂ ಒಂದೇ ಹಾಳೆಯಲ್ಲಿವೆ.

ಹಾಗಾದರೆ ಸುಳ್ಳೇ? ಓದುವ ದಾರಿ ಮೂರಿವೆ, ಮೂರಕ್ಕೂ ಅಪಾಯ ಇದೆ.

‘ಆ ಕಾಲ ಹಾಗಿತ್ತು’ ಎನ್ನುವುದು ಒಂದು. ಇದು ಸುಲಭ, ಮನೆಯಲ್ಲಿ ಜಗಳ ಆಗುವುದಿಲ್ಲ. ಆದರೆ ಅದೇ ಕಾಲದಲ್ಲಿ ವರ್ಮಾಂಟ್ 1777ರಲ್ಲಿ ತನ್ನ ಸಂವಿಧಾನದಲ್ಲೇ ವಯಸ್ಕರ ಗುಲಾಮಗಿರಿ ನಿಷೇಧಿಸಿತು. ಪೆನ್ಸಿಲ್ವೇನಿಯಾ 1780ರಲ್ಲಿ ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತು. ಮ್ಯಾಸಚೂಸೆಟ್ಸ್‌ನಲ್ಲಿ ಪ್ರಿನ್ಸ್ ಹಾಲ್ ಮತ್ತು ಇತರ ಕಪ್ಪು ಜನ 1777ರ ಜನವರಿಯಲ್ಲೇ ಸ್ವಾತಂತ್ರ್ಯ ಕೋರಿ ಶಾಸನಸಭೆಗೆ ಅರ್ಜಿ ಕೊಟ್ಟರು. ಇವರೆಲ್ಲ ಬೇರೆ ಕಾಲದವರೇನಲ್ಲವಲ್ಲ.

‘ಬರೀ ಕಪಟ’ ಎನ್ನುವುದು ಎರಡನೆಯದು, ನಿಮ್ಮ ಮಗ ನಿಂತಿರುವ ಜಾಗ. ಅವನ ಸಿಟ್ಟು ನ್ಯಾಯವಾದದ್ದು. ಇಲ್ಲಿರುವ ಅಪಾಯ ಅವನಿಗೆ ಇನ್ನೂ ಕಂಡಿರಲಿಕ್ಕಿಲ್ಲ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಾನಿ ಹೇಳಿದ್ದೂ ಇಂಥದೇ: ಆ ಮಾತು ಕಪ್ಪು ಜನರಿಗೆ ಅನ್ವಯಿಸಲು ಬರೆದದ್ದೇ ಅಲ್ಲ, ಆದ್ದರಿಂದ ಅವರಿಗೆ ಪೌರತ್ವ ಇಲ್ಲ. ಮಾತನ್ನೇ ಸುಳ್ಳೆಂದು ಬಿಸಾಕಿದರೆ ಗುಲಾಮಗಿರಿ ಬೆಂಬಲಿಸಿದವರ ಕೆಲಸ ಸುಲಭವಾಗುತ್ತದೆ. ಅದಕ್ಕೇ ನೊಂದವರು ಅದನ್ನು ಬಿಸಾಕಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಮಾಡಿದ ಭಾಷಣ ಇದಕ್ಕೆ ಸಾಕ್ಷಿ. ಗುಲಾಮನಿಗೆ ನಿಮ್ಮ ಈ ಹಬ್ಬ ಏನು ಎಂದು ಅವರು ಸಭಿಕರ ಮುಖಕ್ಕೇ ಕೇಳಿದರು. ಅದೇ ಭಾಷಣದಲ್ಲಿ ಆ ಘೋಷಣೆಯ ತತ್ವಗಳು ನಿಮ್ಮನ್ನು ಉಳಿಸಬಲ್ಲವು, ಅವಕ್ಕೆ ಅಂಟಿಕೊಳ್ಳಿ ಎಂದೂ ಹೇಳಿದರು. ಮಕ್ಕಳು ಮೊದಲ ಭಾಗ ಮಾತ್ರ ಓದುತ್ತಾರೆ, ಎರಡನ್ನೂ ಓದಿಸಿ. ಹೆಂಗಸರೂ ಹೀಗೇ ಮಾಡಿದರು. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಸೇರಿ ಘೋಷಣೆಯ ವಾಕ್ಯಗಳನ್ನೇ ತೆಗೆದುಕೊಂಡು, ಎಲ್ಲ ಗಂಡಸರೂ ಹೆಂಗಸರೂ ಸಮಾನರು ಎಂದು ತಿದ್ದಿ ಬರೆದರು. ದೊರೆಯ ಜಾಗದಲ್ಲಿ ಗಂಡಸನ್ನು ನಿಲ್ಲಿಸಿ ಆರೋಪಪಟ್ಟಿ ಕೊಟ್ಟರು.

‘ಅದು ಮುಂದೆ ಈಡೇರಿಸಲು ಕೊಟ್ಟ ಮಾತು’ ಎನ್ನುವುದು ಮೂರನೆಯ ದಾರಿ. ಅಧ್ಯಕ್ಷ ಲಿಂಕನ್ 1863ರ ಗೆಟಿಸ್‌ಬರ್ಗ್ ಭಾಷಣದಲ್ಲಿ ದೇಶದ ವಯಸ್ಸನ್ನು 87 ವರ್ಷ ಎಂದು ಲೆಕ್ಕ ಹಾಕಿದ್ದು 1776ರಿಂದ. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಅದನ್ನು ಇನ್ನೂ ಹಣ ಕೊಡದ ಪ್ರಾಮಿಸರಿ ನೋಟು ಎಂದರು. ನನ್ನ ಒಲವು ಈ ಕಡೆಗೆ. ಇಲ್ಲೂ ಎಚ್ಚರ ಬೇಕು. ಮಾತು ತಾನಾಗಿಯೇ ಈಡೇರುತ್ತಾ ಬಂತು ಎಂಬ ಭಾವನೆ ಹುಟ್ಟಿದರೆ, ಅದಕ್ಕಾಗಿ ಹೊಡೆತ ತಿಂದವರಿಗೆ ಸಲ್ಲಬೇಕಾದ ಕೀರ್ತಿ ಬರೆದವರ ಪಾಲಾಗುತ್ತದೆ.

ಕಾನೂನೇ ಎಂದು ಕೇಳಿದ್ದೀರಿ. ಕೋರ್ಟಿನಲ್ಲಿ ಜಾರಿಯಾಗುವ ಕಾನೂನು ಅಲ್ಲ. ಅಮೆರಿಕದ ಕಾನೂನು ಸಂಹಿತೆಯ ಮೊದಲಲ್ಲಿ ಮೂಲ ದಾಖಲೆಗಳ ಸಾಲಿನಲ್ಲಿ ಅದನ್ನು ಅಚ್ಚುಮಾಡುತ್ತಾರೆ, ಆದರೆ ಬರೀ ಅದನ್ನು ಹಿಡಿದು ಹಕ್ಕು ಕೇಳಲಾಗದು. ಹಕ್ಕು ಬರುವುದು 1787ರಲ್ಲಿ ಬರೆದ ಸಂವಿಧಾನ ಮತ್ತು ಅದರ ತಿದ್ದುಪಡಿಗಳಿಂದ. ಆ ಸಂವಿಧಾನದಲ್ಲಿ ಸಮಾನತೆಯ ಮಾತೇ ಇರಲಿಲ್ಲ. ಗುಲಾಮಗಿರಿ ಹೋದದ್ದು 1865ರ ತಿದ್ದುಪಡಿಯಿಂದ, ಕಾನೂನಿನ ಸಮಾನ ರಕ್ಷಣೆ ಬಂದದ್ದು 1868ರಲ್ಲಿ.

ವಲಸೆ ಬಂದವರಿಗೆ ಈ ಪತ್ರದಲ್ಲಿ ಪಾಲು ಇದೆಯೇ ಎಂಬ ಅಳುಕು ನಿಮ್ಮ ಕಾಗದದಲ್ಲಿ ಕಂಡಿತು. 1790ರ ಕಾನೂನು ಬಿಳಿಯರಿಗೆ ಮಾತ್ರ ಪೌರತ್ವ ಎಂದಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಸುಪ್ರೀಂ ಕೋರ್ಟ್ 1923ರಲ್ಲಿ, ನೀವು ಬಿಳಿಯರಲ್ಲ ಎಂದು ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇದಕ್ಕೆಲ್ಲ ಮುಂಚೆ, 1858ರಲ್ಲಿ ಶಿಕಾಗೋದಲ್ಲಿ, ಲಿಂಕನ್ ವಲಸೆ ಬಂದವರ ಬಗ್ಗೆ ಮಾತಾಡಿದ್ದರು. ಇವರ ಅಜ್ಜ ಮುತ್ತಜ್ಜರು 1776ರಲ್ಲಿ ಇಲ್ಲಿರಲಿಲ್ಲ, ರಕ್ತಸಂಬಂಧ ಹುಡುಕಿದರೆ ಸಿಗುವುದಿಲ್ಲ. ಆದರೆ ಆ ಸಮಾನತೆಯ ಸಾಲನ್ನು ಓದಿದಾಗ ಬರೆದವರ ರಕ್ತದ ರಕ್ತ, ಮಾಂಸದ ಮಾಂಸ ತಾವೇ ಎಂದು ಹೇಳಿಕೊಳ್ಳುವ ಹಕ್ಕು ಅವರಿಗೆ ಬರುತ್ತದೆ ಎಂದರು. ಲಿಂಕನ್ ಮನಸ್ಸಿನಲ್ಲಿ ಇದ್ದದ್ದು ಯುರೋಪಿನವರು. ಆದರೂ ಆ ವಾದ ನಿಮಗೂ ಪೂರ್ತಿ ಅನ್ವಯಿಸುತ್ತದೆ ಎಂದೇ ನನ್ನ ಅಭಿಪ್ರಾಯ.

ನಮ್ಮವರೂ ಇದನ್ನು ಬಳಸಿದ್ದಾರೆ. 1930ರ ಜನವರಿ 26ರಂದು ದೇಶದ ಊರೂರಲ್ಲಿ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ನೋಡಿ. ಸ್ವಾತಂತ್ರ್ಯ ಯಾರೂ ಕಿತ್ತುಕೊಳ್ಳಲಾಗದ ಹಕ್ಕು, ಸರ್ಕಾರ ಅದನ್ನು ಕಸಿದರೆ ಆ ಸರ್ಕಾರವನ್ನು ಬದಲಿಸುವ ಇಲ್ಲವೇ ತೆಗೆದುಹಾಕುವ ಹಕ್ಕು ಜನರಿಗಿದೆ ಎಂದು ಅದರಲ್ಲಿದೆ. ಫಿಲಡೆಲ್ಫಿಯಾದ ವಾಕ್ಯ ಚೆನ್ನಾಗಿ ಕೇಳಿಸುತ್ತದೆ, ಅಲ್ವಾ? ನಮ್ಮ ಗಣರಾಜ್ಯ ದಿನಕ್ಕೆ ಆ ತಾರೀಖು ಆರಿಸಿದ್ದು ಆ ಪ್ರತಿಜ್ಞೆಯ ನೆನಪಿಗೆ. 1965ರಲ್ಲಿ ಆಫ್ರಿಕಾದ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ಕೂಡ ಇದೇ ಧಾಟಿಯಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಸಮಾನತೆಯ ಸಾಲು, ಜನರ ಒಪ್ಪಿಗೆಯ ಸಾಲು, ಎರಡನ್ನೂ ಬಿಟ್ಟಿತು.

ಕೊನೆಗೆ ಪ್ರಬಂಧ. ‘ಸುಳ್ಳೇ, ನಿಜವೇ’ ಎಂದು ಇಡೀ ಘೋಷಣೆಗೆ ತೀರ್ಪು ಕೊಡಲು ಹೋದರೆ ಎರಡು ಪುಟದಲ್ಲಿ ಮುಗಿಯುವುದಿಲ್ಲ, ಬರಿ ಭಾವುಕತೆ ಆಗುತ್ತದೆ. ಕಾಂಗ್ರೆಸ್ ತೆಗೆದುಹಾಕಿದ ಪ್ಯಾರಾ ಒಂದನ್ನೇ ಹಿಡಿದು ಬರೆದರೆ ಗಟ್ಟಿಯಾಗಿ ಬರುತ್ತದೆ. ಕರಡು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಯಾರು ಬೇಕಾದರೂ ಓದಬಹುದು. ಅದರ ಭಾಷೆ ಸ್ವಲ್ಪ ಕಷ್ಟ, ನೀವೂ ಜೊತೆಗೆ ಕೂರಬೇಕಾದೀತು.

ನನ್ನನ್ನು ಕೇಳಿದರೆ ನ್ಯೂಜೆರ್ಸಿಯನ್ನೇ ಆರಿಸಿಕೊಳ್ಳಲಿ. ಫಿಲಡೆಲ್ಫಿಯಾದಲ್ಲಿ ಠರಾವು ಪಾಸಾದ ಅದೇ ಜುಲೈ 2ರಂದು ನ್ಯೂಜೆರ್ಸಿ ತನ್ನ ಮೊದಲ ಸಂವಿಧಾನ ಒಪ್ಪಿತು. 50 ಪೌಂಡ್ ಆಸ್ತಿ ಇರುವ ವಯಸ್ಕ ನಿವಾಸಿಗಳೆಲ್ಲರಿಗೂ ಮತ ಎಂದಿತು. ಗಂಡಸು, ಬಿಳಿಯ ಎಂಬ ಶರತ್ತು ಹಾಕಲಿಲ್ಲ. ಆಸ್ತಿಯಿದ್ದ ಒಂಟಿ ಹೆಂಗಸರು, ವಿಧವೆಯರು, ಸ್ವತಂತ್ರ ಕಪ್ಪು ಜನ ಅಲ್ಲಿ ನಿಜವಾಗಿಯೂ ಮತ ಹಾಕಿದರು. 1807ರಲ್ಲಿ ಶಾಸನಸಭೆ ಆ ಹಕ್ಕನ್ನು ಕಿತ್ತುಕೊಂಡು ತೆರಿಗೆ ಕಟ್ಟುವ ಬಿಳಿ ಗಂಡಸರಿಗೆ ಮಾತ್ರ ಉಳಿಸಿತು. ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನನ್ನು ಇದೇ ರಾಜ್ಯ ಮಾಡಿದ್ದು 1804ರಲ್ಲಿ, ಉತ್ತರದ ರಾಜ್ಯಗಳಲ್ಲೇ ಕೊನೆಯದಾಗಿ. ಮೂರೇ ವರ್ಷದ ಅಂತರದಲ್ಲಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಏಕಾಯಿತು, ಯಾರಿಗೆ ಯಾವ ಲಾಭ ಇತ್ತು ಎಂದು ಅವನು ಹುಡುಕಲಿ. ಶಾಲೆಯ ಗ್ರಂಥಪಾಲಕರನ್ನು ಕೇಳಿದರೆ ಆ ಕಾಲದ ಮತದಾರರ ಪಟ್ಟಿಗಳನ್ನು ಎಲ್ಲಿ ನೋಡಬಹುದು ಎಂದು ತಿಳಿಸುತ್ತಾರೆ. ಹೆಂಗಸರ ಹೆಸರುಗಳು ಅವುಗಳಲ್ಲಿವೆ.